ಕಂಡ ಪರದೆ, ಕಾಣದ ಕಾರಣ

ಮೊಬೈಲಿನಲ್ಲಿ ಯಾವುದೋ ಪಟ್ಟಿ ನೋಡುತ್ತಿದ್ದೀರಿ. ಹೊಸದೇನಾದರೂ ಬಂದಿದೆಯೇ ಎಂದು ಹೆಬ್ಬೆರಳಿನಿಂದ ಅದನ್ನು ಕೆಳಕ್ಕೆ ಎಳೆದು ಬಿಡುತ್ತೀರಿ. ಮೇಲ್ತುದಿಯಲ್ಲಿ ಪುಟ್ಟ ಚಕ್ರವೊಂದು ಗಿರ್ರನೆ ಸುತ್ತಿ, ಹೊಸ ವಿಷಯ ಬಂದು ಕೂರುತ್ತದೆ. ಇ-ಮೇಲ್ ಆಗಲಿ, ಸುದ್ದಿಯಾಗಲಿ, ಬ್ಯಾಂಕ್ ಖಾತೆಯ ವಿವರವಾಗಲಿ, ಎಲ್ಲ ಕಡೆ ಇದೇ ಎಳೆತ. ಯಾವ ಆ್ಯಪೂ ಇದನ್ನು ಹೇಳಿಕೊಡುವುದಿಲ್ಲ. ಗೊತ್ತಿರುತ್ತದೆ ಬಿಡು ಎಂದುಕೊಂಡೇ ಎಲ್ಲರೂ ಆ್ಯಪ್ ಮಾಡುತ್ತಾರೆ. ಇದನ್ನು ಬಳಕೆಗೆ ತಂದವನು ಲಾರೆನ್ ಬ್ರಿಕ್ಟರ್ ಎಂಬ ಅಮೆರಿಕದ ಪ್ರೋಗ್ರಾಮರ್. ಟ್ವಿಟರ್ ಓದಲೆಂದು ಆತ ಬರೆದ ‘ಟ್ವೀಟೀ’ ಎಂಬ ಐಫೋನ್ ಆ್ಯಪಿನಲ್ಲಿ 2009ರ ಸುಮಾರಿಗೆ ಅದು ಕಾಣಿಸಿಕೊಂಡಿತು. ಮರುವರ್ಷ ಟ್ವಿಟರ್ ಕಂಪನಿ ಆ ಆ್ಯಪನ್ನೇ ಕೊಂಡುಕೊಂಡಿತು. 2013ರಲ್ಲಿ ಈ ಎಳೆತಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆದರೆ ಅದನ್ನು ಹಿಡಿದುಕೊಂಡು ತಾನಾಗಿ ಯಾರ ಮೇಲೂ ಏರಿಹೋಗುವುದಿಲ್ಲ, ತನ್ನ ಮೇಲೆ ಬಂದವರ ವಿರುದ್ಧ ರಕ್ಷಣೆಗಷ್ಟೇ ಬಳಸುತ್ತೇನೆ ಎಂದು ಕಂಪನಿ ಮೊದಲೇ ಮಾತು ಕೊಟ್ಟಿತ್ತು. ಹೀಗಾಗಿ ಬೇರೆಯವರೆಲ್ಲ ನಿಶ್ಚಿಂತೆಯಿಂದ ಎಳೆಯತೊಡಗಿದರು.

ಬ್ರಿಕ್ಟರ್ ಹಾಗೆ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಟ್ವಿಟರಿನಲ್ಲಿ ಹೊಸ ಬರಹ ಪಟ್ಟಿಯ ನೆತ್ತಿಯ ಮೇಲೆ ಬರುತ್ತಿತ್ತು. ಹೊಸದನ್ನು ಹುಡುಕುವವನ ಬೆರಳು ಆಗಲೇ ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಾ ಮೇಲ್ತುದಿ ತಲುಪಿರುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಎಳೆದರೆ ‘ಇನ್ನೂ ಹೊಸದು ಬೇಕು’ ಎಂದೇ ಅರ್ಥ. ಪುಟ್ಟ ಪರದೆಯಲ್ಲಿ ‘ರಿಫ್ರೆಶ್’ ಬಟನ್ನಿಗೆ ಜಾಗ ಕೊಡುವ ತಾಪತ್ರಯವೂ ತಪ್ಪಿತು. ಈಗ ಯೋಚಿಸಿ: ಹೊಸದು ಕೆಳಗಡೆ ಬರುವ ಚಾಟ್ ಪರದೆಯಲ್ಲಿ, ಅತ್ತಿತ್ತ ಸರಿಸಿ ನೋಡುವ ನಕ್ಷೆಯಲ್ಲಿ, ತಿಂಗಳಿಗೊಮ್ಮೆ ಬದಲಾಗುವ ವಿದ್ಯುತ್ ಬಿಲ್ಲಿನಲ್ಲಿ ಈ ಎಳೆತಕ್ಕೇನು ಕೆಲಸ? ಆದರೂ ಎಷ್ಟೋ ಕಡೆ ಇದೆ. ಪರದೆಯನ್ನು ನೋಡಿ ತಂದವರಿಗೆ ಚಕ್ರ ಸಿಕ್ಕಿತು, ಕಾರಣ ಸಿಗಲಿಲ್ಲ.

ಆ್ಯಪ್ ಡಿಸೈನರುಗಳು ಹೊಸ ಕೆಲಸ ಕೈಗೆತ್ತಿಕೊಂಡಾಗ ಮೊದಲು ಮಾಡುವುದು ಬೇರೆಯವರ ಪರದೆಗಳನ್ನು ನೋಡುವುದು. ಬೆಂಗಳೂರಿನ ಯಾವ ಸ್ಟಾರ್ಟಪ್ ಕಚೇರಿಯಲ್ಲಿ ಬೇಕಾದರೂ ವಿಚಾರಿಸಿ. ಅದಕ್ಕೆ ‘ರೆಫರೆನ್ಸ್ ಹುಡುಕೋದು’ ಅನ್ನುತ್ತಾರೆ. ಇದು ಕಳ್ಳತನವಲ್ಲ, ಸೋಮಾರಿತನವೂ ಅಲ್ಲ. ಮನೆ ಕಟ್ಟಿಸುವವರು ಊರಿನ ಹೊಸ ಮನೆಗಳನ್ನೆಲ್ಲ ಒಂದು ಸುತ್ತು ನೋಡಿ ಬರುವುದಿಲ್ಲವೇ, ಹಾಗೆ. ಅಡುಗೆಮನೆಯ ಕಪಾಟು, ಮೆಟ್ಟಿಲಿನ ಕೆಳಗಿನ ಜಾಗ ಎಲ್ಲ ಕಣ್ಣಿಗೆ ಬೀಳುತ್ತವೆ. ಮಳೆಗಾಲದಲ್ಲಿ ಯಾವ ಗೋಡೆ ಒಸರುತ್ತದೆ ಎನ್ನುವುದು ಮಾತ್ರ ಆ ಮನೆಯವರು ಬಾಯಿ ಬಿಟ್ಟರಷ್ಟೇ ತಿಳಿಯುತ್ತದೆ.

ಹಿಂದೆ ಈ ಹುಡುಕಾಟವೆಂದರೆ ಡಿಸೈನರ್ ತನ್ನ ಫೋನಿನಲ್ಲಿ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗಳ ರಾಶಿ. ಬೇಕಾದದ್ದು ಬೇಕಾದಾಗ ಸಿಗದ, ಸಿಕ್ಕಾಗ ಯಾವ ಆ್ಯಪಿನದೆಂದು ನೆನಪಾಗದ ರಾಶಿ. 2009ರಲ್ಲಿ ‘ಡ್ರಿಬಲ್’ ಎಂಬ ಜಾಲತಾಣ ಶುರುವಾಯಿತು. ಡಿಸೈನರುಗಳು ತಮ್ಮ ಕೆಲಸದ ಒಂದು ತುಣುಕನ್ನು ಅಲ್ಲಿ ತೋರಿಸುತ್ತಿದ್ದರು. ಆ ತುಣುಕಿಗೆ ಮೊದಮೊದಲು ಇದ್ದ ಅಳತೆ 400 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರ. ಅಷ್ಟು ಕಿರಿದಾದ ಚೌಕಟ್ಟಿನಲ್ಲಿ ಎದ್ದು ಕಾಣಬೇಕೆಂದರೆ ಬಣ್ಣ ಬೇಕು, ನೆರಳು ಬೇಕು, ಸುಂದರ ಮುಖದ ಫೋಟೊ ಬೇಕು. ಡೇಟಾ ಎಲ್ಲಿಂದ ಬರುತ್ತದೆ, ಹೆಸರು ಮೂವತ್ತು ಅಕ್ಷರವಾದರೆ ಏನಾಗುತ್ತದೆ, ನೆಟ್‌ವರ್ಕ್ ಹೋದರೆ ಏನು ಎಂಬುದೆಲ್ಲ ಆ ಚೌಕಟ್ಟಿನ ಹೊರಗೆ. ಅಲ್ಲಿದ್ದ ಎಷ್ಟೋ ಆ್ಯಪ್‌ಗಳು ಹುಟ್ಟಿಯೇ ಇರಲಿಲ್ಲ. ಮಾಡಬೇಕೆಂದಿದ್ದ ಆ್ಯಪಿನ ಚಿತ್ರಗಳು ಮಾತ್ರ ಇದ್ದವು. ಹವಾಮಾನದ ಆ್ಯಪ್ ಅಂತೂ ಡಿಸೈನ್ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ವಸ್ತು. ಆ ಚಿತ್ರಗಳಲ್ಲಿ ತಾಪಮಾನ ಯಾವಾಗಲೂ ಎರಡೇ ಅಂಕಿಯ ಚೆಂದದ ಸಂಖ್ಯೆ.

ಈಗ ಬಂದಿರುವ ಸಂಗ್ರಹಗಳು ಬೇರೆ ಥರದವು. ‘ಮೊಬಿನ್’ನಂಥ ಕಡೆ ಇರುವುದು ನಿಜವಾಗಿ ಬಳಕೆಯಲ್ಲಿರುವ ಆ್ಯಪ್‌ಗಳ ಪರದೆಗಳು. ಯಾರೋ ಕುಳಿತು ಒಂದೊಂದು ಆ್ಯಪನ್ನೂ ತೆರೆದು, ಒಂದೊಂದು ಹೆಜ್ಜೆಯನ್ನೂ ಹಿಡಿದು, ಹಣೆಪಟ್ಟಿ ಅಂಟಿಸಿರುತ್ತಾರೆ: ಇದು ಲಾಗಿನ್, ಇದು ಕಾರ್ಟ್, ಇದು ದುಡ್ಡು ಕೇಳುವ ಪರದೆ, ಇದು ಏನೂ ಇಲ್ಲದಾಗ ತೋರಿಸುವ ಖಾಲಿ ಪರದೆ. ಬಿಡಿ ಪರದೆಯ ಬದಲು ಇಡೀ ಹಾದಿಯನ್ನೂ ನೋಡಬಹುದು. ಖಾತೆ ತೆರೆಯುವುದರಿಂದ ಹಿಡಿದು ಮುಚ್ಚುವವರೆಗೆ ಎಷ್ಟು ಹೆಜ್ಜೆ, ಯಾವ ಹೆಜ್ಜೆಯಲ್ಲಿ ಏನು ಕೇಳುತ್ತಾರೆ ಎಲ್ಲ ಸಾಲಾಗಿ ಸಿಗುತ್ತದೆ. ‘ಪೇಜ್ ಫ್ಲೋಸ್’ ಎಂಬಲ್ಲಿ ಇದೇ ಹಾದಿಗಳ ವಿಡಿಯೊ ಇವೆ. ನನ್ನ ಲೆಕ್ಕದಲ್ಲಿ ಬಿಡಿ ಪರದೆಗಿಂತ ಇವುಗಳ ಬೆಲೆ ಹತ್ತು ಪಟ್ಟು ಹೆಚ್ಚು. ಒಂದು ಪರದೆ ಹಾಗೇಕಿದೆ ಎಂಬುದರ ಸುಳಿವು ಬಹುಮಟ್ಟಿಗೆ ಅದರ ಹಿಂದಿನ ಪರದೆಯಲ್ಲಿರುತ್ತದೆ.

ಮನುಷ್ಯರು ಹಣೆಪಟ್ಟಿ ಅಂಟಿಸುವುದಕ್ಕೊಂದು ಮಿತಿಯಿದೆ. ಲಕ್ಷಗಟ್ಟಲೆ ಆ್ಯಪ್‌ಗಳಿವೆ, ಒಂದೊಂದರಲ್ಲೂ ಹತ್ತಾರು ಪರದೆ, ತಿಂಗಳಿಗೆರಡು ಸಲ ಅಪ್‌ಡೇಟ್. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ದೊಡ್ಡ ಪ್ರಯತ್ನವೊಂದು 2017ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂತು. ಬಿಪ್ಲಬ್ ಡೇಕಾ, ರಂಜಿತಾ ಕುಮಾರ್ ಮತ್ತು ಗೂಗಲ್‌ನ ಕೆಲವರು ಸೇರಿ ಮಾಡಿದ ಆ ಸಂಗ್ರಹದ ಹೆಸರು ‘ರಿಕೊ’. 27 ವರ್ಗಗಳ 9,700ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳು, ಸುಮಾರು 72 ಸಾವಿರ ಬೇರೆಬೇರೆ ಪರದೆಗಳು. ಅದನ್ನು ಕಲೆಹಾಕಿದ ಬಗೆ ಸ್ವಾರಸ್ಯದ್ದು. ಪ್ರೋಗ್ರಾಮೊಂದನ್ನು ಆ್ಯಪಿನೊಳಗೆ ಬಿಟ್ಟರೆ ಅದು ಕಂಡಕಂಡ ಬಟನ್ ಒತ್ತುತ್ತಾ ಹೋಗುತ್ತದೆ. ಆದರೆ ಹೆಸರು, ವಿಳಾಸ, ಪಾಸ್‌ವರ್ಡ್ ಕೇಳುವ ಬಾಗಿಲಲ್ಲೇ ನಿಂತುಬಿಡುತ್ತದೆ. ಮನುಷ್ಯನಾದರೆ ಒಳಗೆ ಹೋಗುತ್ತಾನೆ, ಆದರೆ ಸಂಬಳ ಕೇಳುತ್ತಾನೆ, ಬೇಗ ಬೇಸರಪಡುತ್ತಾನೆ. ಇವರು ಇಬ್ಬರನ್ನೂ ಹೂಡಿದರು. ಮೊದಲು ಕೂಲಿಗೆ ಬಂದ ಜನ ಆ್ಯಪ್ ಬಳಸಿದರು, ಅವರು ತೆರೆದ ಬಾಗಿಲಿನಿಂದ ಮುಂದಕ್ಕೆ ಯಂತ್ರ ತಡಕಾಡಿತು.

ಪ್ರತಿ ಪರದೆಯ ಚಿತ್ರದ ಜತೆಗೆ ಅದರ ಒಳಗಟ್ಟನ್ನೂ ಅವರು ಉಳಿಸಿಕೊಂಡರು. ಆಂಡ್ರಾಯ್ಡ್‌ನಲ್ಲಿ ಪರದೆಯೆಂದರೆ ಒಂದರೊಳಗೊಂದು ಕೂತ ಡಬ್ಬಿಗಳು. ಯಾವ ಡಬ್ಬಿ ಎಲ್ಲಿದೆ, ಎಷ್ಟು ದೊಡ್ಡದು, ಒಳಗಿರುವುದು ಅಕ್ಷರವೋ ಚಿತ್ರವೋ, ಒತ್ತಬಹುದೋ ಇಲ್ಲವೋ ಎಂಬ ಲೆಕ್ಕ ಇರುತ್ತದೆ. ಈ ಲೆಕ್ಕದಿಂದ ಪರದೆಯ ಒಂದು ಒರಟು ನಕಾಶೆ ಮಾಡಿದರು. ಅಕ್ಷರ ಇರುವಲ್ಲಿ ಒಂದು ಬಣ್ಣ, ಉಳಿದದ್ದಕ್ಕೆ ಇನ್ನೊಂದು. ಫೋಟೊ, ಲೋಗೊ, ಅಲಂಕಾರ ಎಲ್ಲ ಹೋಗಿ ಬರೀ ಆಯತಗಳು ಉಳಿದವು. ಆ ನಕಾಶೆಯನ್ನು ಒಂದು ನ್ಯೂರಲ್ ನೆಟ್‌ವರ್ಕಿಗೆ ಕೊಟ್ಟು, ‘ಇದನ್ನು ಬರೀ 64 ಸಂಖ್ಯೆಗಳಿಗೆ ಹಿಂಡು, ಆ 64ರಿಂದಲೇ ಮತ್ತೆ ನಕಾಶೆ ಬಿಡಿಸು’ ಎಂದು ತಾಲೀಮು ಮಾಡಿಸಿದರು. ಸಾವಿರಾರು ಸಲ ಹಿಂಡಿ ಬಿಡಿಸುವಷ್ಟರಲ್ಲಿ ಆ 64 ಸಂಖ್ಯೆಗಳಲ್ಲಿ ಪರದೆಯ ಚಹರೆ ನಿಲ್ಲುತ್ತದೆ. ಆಮೇಲೆ ಹುಡುಕಾಟ ಸುಲಭ. ನಿಮ್ಮ ಪರದೆಯ 64 ಸಂಖ್ಯೆಗಳಿಗೆ ಯಾರ 64 ಹತ್ತಿರವೋ ಅವರೇ ನಿಮ್ಮ ನೆಂಟರು.

ಇದರ ಮೇಲೆ ಬೇರೆಯವರು ಕಟ್ಟಿದರು. 2019ರಲ್ಲಿ ಬರ್ಕ್ಲಿಯ ಸಂಶೋಧಕರು ತಂದ ‘ಸ್ವೈರ್’ ಎಂಬ ಸಾಧನದಲ್ಲಿ ಹುಡುಕಲು ಪದವೂ ಬೇಡ. ಕಾಗದದ ಮೇಲೆ ಪೆನ್ನಿನಿಂದ ಗೀಚಿದ ನಾಲ್ಕು ಚೌಕ ತೋರಿಸಿದರೆ ಅದನ್ನು ಹೋಲುವ ನಿಜವಾದ ಪರದೆಗಳನ್ನು ಎತ್ತಿ ಕೊಡುತ್ತದೆ. ಈಗಿನ ಎಐ ಮಾದರಿಗಳು ಚಿತ್ರವನ್ನೂ ವಾಕ್ಯವನ್ನೂ ಒಂದೇ ಅಳತೆಗೋಲಿನ ಸಂಖ್ಯೆಗಳಾಗಿಸುತ್ತವೆ. ಹಾಗಾಗಿ ‘ಮಗುವಿನ ಲಸಿಕೆಯ ದಿನ ನೆನಪಿಸುವ ಪರದೆ’ ಎಂದು ಬರೆದರೂ ಆಯಿತು.

ಆದರೆ ಯಂತ್ರಕ್ಕೆ ‘ಹತ್ತಿರ’ ಎಂದರೆ ಏನು ಎಂಬುದನ್ನು ಮರೆಯಬಾರದು. ಆ 64 ಸಂಖ್ಯೆಗಳಲ್ಲಿ ಇರುವುದು ಆಯತಗಳ ಜಾಗ. ಮೇಲೊಂದು ಚಿತ್ರ, ನಡುವೆ ಎರಡು ಖಾನೆ, ಕೆಳಗೊಂದು ದೊಡ್ಡ ಬಟನ್: ಇದು ಲಾಗಿನ್ ಪರದೆಯೂ ಆಗಬಹುದು, ದೇವಸ್ಥಾನದ ಹುಂಡಿಗೆ ದುಡ್ಡು ಹಾಕುವ ಪರದೆಯೂ ಆಗಬಹುದು. ರೂಪದಲ್ಲಿ ನೆಂಟರು, ಕೆಲಸದಲ್ಲಿ ಅಪರಿಚಿತರು. ಇದಕ್ಕೆ ಉಲ್ಟಾ, ಒಂದೇ ಸಂಕಟಕ್ಕೆ ಪರಿಹಾರ ಕೊಡುವ ಎರಡು ಪರದೆಗಳು ನೋಡಲು ಒಂದಿಷ್ಟೂ ಹೋಲದಿದ್ದರೆ ಈ ಹುಡುಕಾಟ ಅವನ್ನು ಜೋಡಿಸುವುದೇ ಇಲ್ಲ. ಹೊಸ ಮಾದರಿಗಳು ಇದರಲ್ಲಿ ವಾಸಿ. ಆದರೂ ಅವು ಓದುವುದು ಪರದೆಯ ಮೇಲಿರುವುದನ್ನೇ ತಾನೆ.

ಮೇಲೆ ಇಲ್ಲದಿರುವುದೇ ಎಷ್ಟು ಮುಖ್ಯ ಎಂಬುದಕ್ಕೆ ಮೂರು ಅಡ್ಡಗೆರೆಗಳ ಕಥೆ ಹೇಳಬೇಕು. ಮೂಲೆಯಲ್ಲಿರುವ ಆ ಮೂರು ಗೆರೆ ಒತ್ತಿದರೆ ಮೆನು ತೆರೆದುಕೊಳ್ಳುತ್ತದಲ್ಲ, ಅದನ್ನು ಬರೆದವರು ನಾರ್ಮ್ ಕಾಕ್ಸ್. 1981ರಲ್ಲಿ ಬಂದ ಜೆರಾಕ್ಸ್ ಕಂಪನಿಯ ‘ಸ್ಟಾರ್’ ಕಂಪ್ಯೂಟರಿಗಾಗಿ. ಆ ಕಾಲದ ಪರದೆಯಲ್ಲಿ ಪಿಕ್ಸೆಲ್‌ಗಳೇ ಕೆಲವು. ಪಟ್ಟಿಯೊಂದು ಇಲ್ಲಿ ಅಡಗಿದೆ ಎಂದು ಅತಿ ಕಡಿಮೆ ಚುಕ್ಕಿಗಳಲ್ಲಿ ಹೇಳಬೇಕಿತ್ತು. ಮೂರು ಗೆರೆ ಪಟ್ಟಿಯ ಹಾಗೆಯೇ ಕಂಡವು. ಆಮೇಲೆ ಆ ಗುರುತು ಮೂವತ್ತು ವರ್ಷ ಹೆಚ್ಚುಕಮ್ಮಿ ಮಲಗಿತ್ತು. ಸ್ಮಾರ್ಟ್‌ಫೋನ್ ಬಂದ ಮೇಲೆ ಮತ್ತೆ ಎದ್ದಿತು. ಫೇಸ್‌ಬುಕ್ ತನ್ನ ಐಫೋನ್ ಆ್ಯಪಿನಲ್ಲಿ ಮೆನುವನ್ನು ಎಡಬದಿಯ ಮರೆಗೆ ತಳ್ಳಿ, ಮೇಲೆ ಮೂರು ಗೆರೆ ಇಟ್ಟಿತು. ಅಲ್ಲಿಗೆ ಶುರುವಾಯಿತು ನೋಡಿ. ಫೇಸ್‌ಬುಕ್ಕೇ ಮಾಡಿದೆ ಎಂದ ಮೇಲೆ ಕೇಳುವುದೇನಿದೆ? ಬ್ಯಾಂಕು, ಪತ್ರಿಕೆ, ಬಸ್ ಟಿಕೆಟ್ಟು, ಎಲ್ಲರ ಮೂಲೆಯಲ್ಲೂ ಮೂರು ಗೆರೆ.

2013ರಲ್ಲಿ ಫೇಸ್‌ಬುಕ್ ಅದೇ ಐಫೋನ್ ಆ್ಯಪಿನಲ್ಲಿ ಮುಖ್ಯವಾದ ಬಟನ್‌ಗಳನ್ನು ಪರದೆಯ ಬುಡಕ್ಕೆ ತಂದು ಸಾಲಾಗಿ ಕೂರಿಸಿತು. ಮರೆಯಲ್ಲಿಟ್ಟದ್ದನ್ನು ಜನ ಕಡಿಮೆ ಒತ್ತುತ್ತಾರೆ ಎಂಬುದು ಆಮೇಲೆ ಅಧ್ಯಯನಗಳಲ್ಲಿ ಕಂಡಿತು. ನೀಲ್ಸನ್ ನಾರ್ಮನ್ ಗ್ರೂಪ್ ಎಂಬ ಡಿಸೈನ್ ಸಂಶೋಧನಾ ಸಂಸ್ಥೆ 2016ರಲ್ಲಿ ಮಾಡಿದ ಪರೀಕ್ಷೆಯ ಸಾರವೂ ಅದೇ. ಮೂಲದವರು ಗುಣವಾಗಲಿಲ್ಲವೆಂದು ಬಿಟ್ಟ ಔಷಧಿಯನ್ನು ನಕಲು ಮಾಡಿದವರು ಇನ್ನೂ ಕುಡಿಯುತ್ತಲೇ ಇದ್ದರು. 2012ರಲ್ಲಿ ರೆಫರೆನ್ಸ್ ಹುಡುಕಿದ ಡಿಸೈನರಿಗೆ ಫೇಸ್‌ಬುಕ್ಕಿನ ಮೂರು ಗೆರೆ ಸಿಕ್ಕಿತು. ಅದು ಒಳಗೊಳಗೇ ಅಳತೆಗೆ ಸಿಕ್ಕಿ ಸೋಲುತ್ತಿದ್ದ ಪ್ರಯೋಗವೋ, ಗೆದ್ದ ಪರಿಹಾರವೋ ಎಂದು ಚಿತ್ರದಲ್ಲಿ ಎಲ್ಲಿ ಬರೆದಿತ್ತು?

ದೊಡ್ಡ ಕಂಪನಿಗಳ ಆ್ಯಪ್‌ಗಳಲ್ಲಿ ಇಂಥ ಪ್ರಯೋಗ ಈಗ ಇನ್ನೂ ಹೆಚ್ಚು. ಒಂದೇ ದಿನ, ಒಂದೇ ಊರಿನಲ್ಲಿ, ಇಬ್ಬರ ಫೋನಿನಲ್ಲಿ ಒಂದೇ ಆ್ಯಪಿನ ಪರದೆ ಬೇರೆಬೇರೆ ಇರಬಹುದು. ಯಾವುದು ಹೆಚ್ಚು ಬಳಕೆಯಾಗುತ್ತದೆ ಎಂದು ಪರೀಕ್ಷಿಸಲು ಹಾಗೆ ಮಾಡುತ್ತಾರೆ. ಸಂಗ್ರಹಕ್ಕೆ ಸ್ಕ್ರೀನ್‌ಶಾಟ್ ತೆಗೆದವನ ಫೋನಿಗೆ ಸೋತ ಪರದೆ ಬಂದಿದ್ದರೆ ಅದೇ ಮುಂದೆ ಮಾದರಿಯಾಗುತ್ತದೆ.

ಹಾಗಾದರೆ ನೋಡುವುದನ್ನೇ ಬಿಡಬೇಕೇ? ಇಲ್ಲ. ಈ ವಿಷಯದಲ್ಲಿ ಬಳಕೆಯ ಸರಳತೆಯ ತಜ್ಞ ಜೇಕಬ್ ನೀಲ್ಸನ್ ಹೇಳಿದ ಮಾತೊಂದು ಡಿಸೈನರುಗಳಿಗೆ ಬಾಯಿಪಾಠ. ಜನ ತಮ್ಮ ಬಹುಪಾಲು ಸಮಯ ಕಳೆಯುವುದು ನಿಮ್ಮಲ್ಲಲ್ಲ, ಬೇರೆಯವರಲ್ಲಿ. ಆದ್ದರಿಂದ ಅಲ್ಲಿ ಕಲಿತದ್ದು ಇಲ್ಲೂ ನಡೆಯಬೇಕೆಂದು ಬಯಸುತ್ತಾರೆ ಎಂಬುದು ಅದರ ಸಾರ. ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಯುಪಿಐ 2016ರಲ್ಲಿ ಬಂತು. ಫೋನ್‌ಪೇ, ಗೂಗಲ್ ಪೇ, ಭೀಮ್, ಯಾವುದನ್ನೇ ತೆರೆಯಿರಿ, ಪಿನ್ ಒತ್ತುವ ಹೊತ್ತಿಗೆ ಬರುವ ಪರದೆ ಒಂದೇ. ಅದು ಆ ಆ್ಯಪ್‌ಗಳದ್ದಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಕೊಟ್ಟದ್ದನ್ನೇ ಎಲ್ಲರೂ ಕೂರಿಸಿಕೊಳ್ಳಬೇಕು, ಪಿನ್ ಆ್ಯಪಿನವರ ಕೈಗೆ ಸಿಗಬಾರದು ಎಂಬುದು ಉದ್ದೇಶ. ಸುರಕ್ಷೆಗಾಗಿ ಮಾಡಿದ್ದರ ಇನ್ನೊಂದು ಲಾಭ ಬಳಸುವವರಿಗೆ: ಒಂದು ಆ್ಯಪಿನಲ್ಲಿ ಕಲಿತ ಅಜ್ಜಿ ಇನ್ನೊಂದರಲ್ಲಿ ತಡವರಿಸುವುದಿಲ್ಲ. ಅಂಥ ಜಾಗದಲ್ಲಿ ಸ್ವಂತಿಕೆ ತೋರಿಸಲು ಹೊರಡುವ ಡಿಸೈನರನ್ನು ಹಿಡಿದು ಕೂರಿಸಬೇಕು.

ನಕಲು ಎಲ್ಲಿಯವರೆಗೆ ಸರಿ ಎಂಬ ಪ್ರಶ್ನೆಗೆ ಕೋರ್ಟುಗಳೂ ಒಂದೇ ಬಾಯಿಯಲ್ಲಿ ಉತ್ತರಿಸಿಲ್ಲ. ವಿಂಡೋಸ್ ತನ್ನ ಮ್ಯಾಕಿನ ರೂಪವನ್ನು ಎತ್ತಿಕೊಂಡಿದೆ ಎಂದು ಆ್ಯಪಲ್ 1988ರಲ್ಲಿ ಮೈಕ್ರೊಸಾಫ್ಟ್ ಮೇಲೆ ದಾವೆ ಹೂಡಿ, 1994ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಅದೇ ಆ್ಯಪಲ್ 2012ರಲ್ಲಿ ಸ್ಯಾಮ್‌ಸಂಗ್ ವಿರುದ್ಧ ಗೆದ್ದಿತು. ಜ್ಯೂರಿ ನೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಹೇಳಿತು. ಮೂಲೆ ದುಂಡಗಿರುವ ಬಣ್ಣದ ಐಕಾನ್‌ಗಳು ಸಾಲುಸಾಲಾಗಿ ಕೂತ ಮುಖಪರದೆಯ ಡಿಸೈನ್ ಪೇಟೆಂಟ್ ಕೂಡ ಅದರಲ್ಲಿತ್ತು. ಮೊತ್ತ ಕಡಿಮೆಯಾಗುತ್ತಾ, ಸುಪ್ರೀಂ ಕೋರ್ಟಿಗೂ ಹೋಗಿ ಬಂದು, 2018ರಲ್ಲಿ ರಾಜಿಯಲ್ಲಿ ಮುಗಿಯಿತು. ಇನ್‌ಸ್ಟಾಗ್ರಾಂ 2016ರ ಆಗಸ್ಟಿನಲ್ಲಿ ‘ಸ್ಟೋರೀಸ್’ ತಂದಾಗ ಅದರ ಮುಖ್ಯಸ್ಥ ಕೆವಿನ್ ಸಿಸ್ಟ್ರಮ್ ಶ್ರೇಯವೆಲ್ಲ ಸ್ನ್ಯಾಪ್‌ಚಾಟಿಗೇ ಸೇರಬೇಕೆಂದು ಒಪ್ಪಿಕೊಂಡರು. ಒಪ್ಪಿಕೊಂಡು ಅದನ್ನೇ ಬಳಸಿದರು.

ಕಾನೂನಿಗಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ನೋಡಿದ್ದು ತಲೆಯಲ್ಲಿ ಏನು ಮಾಡುತ್ತದೆ ಎಂಬ ವಿಚಾರ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಎಂಬ ಇಬ್ಬರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಚೆಲ್ಲದಂಥ ಕಾಫಿ ಲೋಟ ಮಾಡಿ ಎಂದು ಡಿಸೈನ್ ಮಾಡುವವರಿಗೆ ಹೇಳಿ, ಕೆಲವರಿಗೆ ಮಾತ್ರ ಒಂದು ಮಾದರಿ ತೋರಿಸಿದರು. ಅದರಲ್ಲಿ ಹೀರುಕೊಳವೆ ಇತ್ತು. ‘ಹೀರುಕೊಳವೆ ಬಳಸಕೂಡದು’ ಎಂದು ಸ್ಪಷ್ಟವಾಗಿ ಬರೆದೂ ಇತ್ತು. ಆದರೂ ಮಾದರಿ ನೋಡಿದವರ ಚಿತ್ರಗಳಲ್ಲಿ ಹೀರುಕೊಳವೆಗಳು ನುಸುಳಿದವು. ನೋಡದವರಲ್ಲಿ ಅಷ್ಟಾಗಿ ಇರಲಿಲ್ಲ. ಬಿಸಿ ಕಾಫಿಯನ್ನು ಕೊಳವೆಯಲ್ಲಿ ಹೀರಿದರೆ ನಾಲಗೆ ಸುಡುತ್ತದೆ ಎಂಬುದು ಗೊತ್ತಿದ್ದೂ ಕೈ ಅದನ್ನೇ ಬರೆಯಿತು. ಕಣ್ಣು ಒಮ್ಮೆ ಕಂಡದ್ದನ್ನು ಬೇಡವೆಂದು ಹೇಳಿ ಹೊರಹಾಕುವುದು ಅಷ್ಟು ಸುಲಭವಲ್ಲ.

ಇದನ್ನಷ್ಟೇ ಓದಿದರೆ, ಮೊದಲು ಸ್ವಂತವಾಗಿ ಯೋಚಿಸು, ಕೊನೆಗೆ ಬೇಕಾದರೆ ಬೇರೆಯವರದನ್ನು ನೋಡು ಎನಿಸುತ್ತದೆ. ಎಷ್ಟೋ ಮೇಷ್ಟ್ರುಗಳು ಹಾಗೇ ಹೇಳುತ್ತಾರೆ ಕೂಡ. ಆದರೆ 2012ರಲ್ಲಿ ಚಿನ್ಮಯ್ ಕುಲಕರ್ಣಿ, ಸ್ಟೀವನ್ ಡೌ, ಸ್ಕಾಟ್ ಕ್ಲೆಮ್ಮರ್ ಮಾಡಿದ ಇನ್ನೊಂದು ಪ್ರಯೋಗದ ಉತ್ತರ ಬೇರೆ ಇದೆ. ಭೂಮಿಯಂಥದ್ದೇ ಬೇರೊಂದು ಗ್ರಹದ ಪ್ರಾಣಿಯ ಚಿತ್ರ ಬರೆಯಿರಿ ಎಂದು ಜನರಿಗೆ ಹೇಳಿ, ಕೆಲವರಿಗೆ ಆರಂಭದಲ್ಲಿ, ಕೆಲವರಿಗೆ ತಡವಾಗಿ, ಕೆಲವರಿಗೆ ಆಗಾಗ ಮಾದರಿ ತೋರಿಸಿದರು. ಮಾದರಿ ನೋಡಿದವರ ಚಿತ್ರಗಳು ಮಾದರಿಯ ಕಡೆ ವಾಲಿದ್ದು ನಿಜ. ಆದರೆ ಆರಂಭದಲ್ಲೇ ನೋಡಿದವರ ಕಲ್ಪನೆ ಚೆನ್ನಾಗಿ ಓಡಿತ್ತು, ಬರೆಯುತ್ತಾ ನಡುನಡುವೆ ನೋಡಿದವರದು ಇನ್ನೂ ಚೆನ್ನಾಗಿ. ತಡವಾಗಿ ನೋಡಿದವರಿಗೆ ನಷ್ಟವೇ. ವಾಲುವಿಕೆ ಹೆಚ್ಚಿತು, ಕಲ್ಪನೆ ಹೆಚ್ಚಲಿಲ್ಲ.

ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಕಚೇರಿಗಳಲ್ಲಿ ನಡೆಯುವ ತಪ್ಪು ಹೊಳೆಯುತ್ತದೆ. ಕೆಲಸ ಮುಗಿಯುವ ಹೊತ್ತಿಗೆ, ಮರುದಿನ ಬಾಸ್‌ಗೆ ತೋರಿಸಬೇಕೆಂಬ ಗಾಬರಿಯಲ್ಲಿ, ಸಂಗ್ರಹ ತೆರೆದು ‘ಚೆಕ್‌ಔಟ್’ ಎಂದು ಟೈಪ್ ಮಾಡಿ, ಸಿಕ್ಕಿದ ಮೊದಲ ಸಾಲಿನ ನಾಲ್ಕರಲ್ಲಿ ಒಂದನ್ನು ಇಳಿಸಿಕೊಳ್ಳುವುದು. ಅದಕ್ಕಿಂತ ಕೆಟ್ಟದ್ದು, ಬಾಸೇ ಒಂದು ಸ್ಕ್ರೀನ್‌ಶಾಟ್ ಕಳುಹಿಸಿ ‘ಹೀಗೇ ಮಾಡು’ ಎನ್ನುವುದು. ಒಂದೇ ಮಾದರಿ ಎದುರಿಗಿದ್ದರೆ ಅದು ಹೀರುಕೊಳವೆಯಾಗುತ್ತದೆ. ಇಪ್ಪತ್ತು ಇದ್ದರೆ ಅವುಗಳ ನಡುವಿನ ವ್ಯತ್ಯಾಸ ಮಾತಾಡತೊಡಗುತ್ತದೆ. ಹದಿನಾರು ಆ್ಯಪ್‌ಗಳು ವಿಳಾಸವನ್ನು ಮೊದಲು ಕೇಳಿ ಆಮೇಲೆ ದುಡ್ಡು ಕೇಳುತ್ತವೆ, ನಾಲ್ಕು ಮಾತ್ರ ತಿರುಗಾಮುರುಗಾ ಕೇಳುತ್ತವೆ ಎಂದಾದರೆ ಆ ನಾಲ್ಕರ ಮುಂದೆ ಕೂತು ಯಾಕೆ ಎಂದು ಕೇಳಬೇಕು. ಆ ನಾಲ್ಕೂ ಸಿನಿಮಾ ಟಿಕೆಟ್ ಮಾರುವಂಥವಿರಬಹುದು, ಮನೆಗೆ ತಲುಪಿಸುವ ವಸ್ತುವೇ ಇಲ್ಲದಿರಬಹುದು. ಪದ ಹಾಕಿ ಹುಡುಕುವಾಗಲೂ ‘ಚೆಂದದ ಡ್ಯಾಶ್‌ಬೋರ್ಡ್’ ಎನ್ನುವ ಬದಲು ‘ದುಡ್ಡು ಕಡಿಮೆ ಬಿದ್ದಾಗ ಏನು ತೋರಿಸುತ್ತಾರೆ’, ‘ಒಂದೇ ಮನೆಯ ಇಬ್ಬರು ಒಂದೇ ಖಾತೆ ಬಳಸಿದರೆ ಹೇಗೆ’ ಎಂದು ಸಂಕಟದ ಹೆಸರು ಹಿಡಿದು ಹುಡುಕಿದರೆ ಸಿಗುವುದು ಕಡಿಮೆ, ಆದರೆ ಕೆಲಸಕ್ಕೆ ಬರುವಂಥದ್ದು.

ಜನಪ್ರಿಯ ಆ್ಯಪ್‌ಗಳ ಪರದೆಗಳಲ್ಲಿ ಮೋಸವೂ ಚೆಂದದ ಬಟ್ಟೆ ತೊಟ್ಟು ನಿಂತಿರುತ್ತದೆ. ಟಿಕೆಟ್ ಕೊಳ್ಳುವಾಗ ತಾನಾಗಿ ಟಿಕ್ ಆಗಿರುವ ವಿಮೆ, ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಬೇಡವೆನ್ನಲು ಮಸುಕು ಬಣ್ಣದ ಕಿರಿದಾದ ಅಕ್ಷರ. ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇವುಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಸಂಗ್ರಹದಲ್ಲಿ ಹಣೆಪಟ್ಟಿ ಅಂಟಿಸುವವನ ಕಣ್ಣಿಗೆ ಅದು ಬರೀ ‘ಚೆಕ್‌ಔಟ್’ ಪರದೆ. ಅದನ್ನು ಎತ್ತಿಕೊಂಡು ಬಂದ ಹೊಸ ಹುಡುಗನಿಗೆ ತಾನು ತಂದದ್ದು ಕಾನೂನು ತಡೆದ ಸರಕು ಎಂದು ಗೊತ್ತಾಗುವ ಬಗೆಯೇ ಇಲ್ಲ.

ಇನ್ನು, ಈ ಸಂಗ್ರಹಗಳಲ್ಲಿ ನಾವು ಎಷ್ಟಿದ್ದೇವೆ? ಬಹುಪಾಲು ಪರದೆಗಳು ಇಂಗ್ಲಿಷಿನವು, ದೊಡ್ಡ ಹೊಸ ಫೋನಿನಲ್ಲಿ, ಒಳ್ಳೆಯ ನೆಟ್‌ವರ್ಕಿನಲ್ಲಿ ತೆಗೆದವು. ಕನ್ನಡದ ಆ್ಯಪ್ ಮಾಡುವವರಿಗೆ ಇಲ್ಲಿ ಮೊದಲ ಏಟು ಬೀಳುವುದು ಎತ್ತರದಲ್ಲಿ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಕತ್ತರಿಸಿದ ಬಟನ್ನಿನಲ್ಲಿ ‘ರಾಷ್ಟ್ರೀಯ’ ಎಂದು ಬರೆದು ನೋಡಿ. ಮೇಲಿನ ಗುಡಿಸು ತಲೆ ಬಡಿದುಕೊಳ್ಳುತ್ತದೆ, ಕೆಳಗಿನ ಎರಡು ಒತ್ತು ಕಾಲು ಕತ್ತರಿಸಿಕೊಳ್ಳುತ್ತವೆ. ಗೂಗಲ್‌ನ ಮೆಟೀರಿಯಲ್ ಡಿಸೈನ್ ಸೂಚನೆಗಳು ದಕ್ಷಿಣ ಏಷ್ಯಾದ ಲಿಪಿಗಳನ್ನು ‘ಎತ್ತರದ ಲಿಪಿ’ಗಳೆಂದು ಬೇರೆ ಮಾಡಿ, ಸಾಲಿಗೆ ಹೆಚ್ಚು ಜಾಗ ಕೊಡಿ ಎಂದು ಹೇಳಿವೆ. ಹೇಳಿದ್ದನ್ನು ಓದುವವರು ಕಡಿಮೆ. ಉದ್ದದ್ದು ಇನ್ನೊಂದು ಗೋಳು. ನಮ್ಮ ವಿಭಕ್ತಿಗಳು ಪದದ ಬಾಲಕ್ಕೇ ಅಂಟುವುದರಿಂದ ಪದ ಮುರಿಯಲು ಜಾಗ ಸಿಗದೆ, ಬುಡದ ಐದು ಬಟನ್‌ಗಳ ಹೆಸರುಗಳು ಮೂರು ಚುಕ್ಕಿಗಳಲ್ಲಿ ಮುಗಿಯುತ್ತವೆ. ಬುಡದಲ್ಲಿ ಐದು ಬಟನ್ ಎಂಬ ಮಾದರಿ ಗೆದ್ದದ್ದು ಚಿಕ್ಕ ಪದಗಳ ಭಾಷೆಯಲ್ಲಿ ಎನ್ನುವುದು ಆಗ ಹೊಳೆಯುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ, ಕಷ್ಟವಿಲ್ಲ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ದಿನಬಳಕೆಯ ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ಹಾದಿ ಹಿಡಿದು ನಡೆಯುವುದು. ಯಾರು ಬಟನ್ನನ್ನು ಎರಡು ಸಾಲಾಗಿಸಿದರು, ಯಾರು ಹೆಸರು ಬಿಟ್ಟು ಚಿತ್ರ ಉಳಿಸಿಕೊಂಡರು, ಯಾರು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನಿಂತರು ಎಂದು ಬರೆದುಕೊಳ್ಳುವುದು. 2022ರಲ್ಲಿ ಬೆಂಗಳೂರಿನ ಆಟೊಗಳಿಗಾಗಿ ಬಂದ ‘ನಮ್ಮ ಯಾತ್ರಿ’ಯ ಕೋಡ್ ಮುಕ್ತವಾಗಿದೆ. ಪರದೆಯಷ್ಟೇ ಅಲ್ಲ, ಅದರ ಹಿಂದಿನ ತಿದ್ದುಪಡಿಗಳನ್ನೂ ನೋಡಬಹುದಾದ ಅಪರೂಪದ ಉದಾಹರಣೆ ಅದು. ನಮ್ಮ ಡಿಸೈನ್ ಕಾಲೇಜುಗಳ ಮಕ್ಕಳು ಹವಾಮಾನದ ಆ್ಯಪ್ ಬರೆಯುವ ಬದಲು ಇಂಥದೊಂದು ಕನ್ನಡ ಪರದೆಗಳ ಸಂಗ್ರಹ ಕಟ್ಟಿದರೆ ನಾನಂತೂ ಮೊದಲ ಗಿರಾಕಿ.

ಆದರೂ ಕೆಲವು ಪರದೆಗಳು ಎಷ್ಟು ಹುಡುಕಿದರೂ ಸಿಗವು. ಬ್ಯಾಂಕಿನ ಮತ್ತು ಪಾವತಿಯ ಎಷ್ಟೋ ಆ್ಯಪ್‌ಗಳು ಸೂಕ್ಷ್ಮ ಜಾಗಗಳಲ್ಲಿ ಸ್ಕ್ರೀನ್‌ಶಾಟ್ ತೆಗೆಯದಂತೆ ತಡೆದಿರುತ್ತವೆ. ಆಂಡ್ರಾಯ್ಡಿನಲ್ಲಿ ಅದಕ್ಕೆಂದೇ ಒಂದು ಏರ್ಪಾಡಿದೆ, ತೆಗೆಯಲು ಹೋದರೆ ಚಿತ್ರ ಸಿಗುವುದಿಲ್ಲ ಅಥವಾ ಕಪ್ಪಾಗಿ ಬರುತ್ತದೆ. ಇನ್ನು ಕೆಲವು ಪರದೆಗಳು ಬರುವುದೇ ಏನೋ ಕೆಟ್ಟಾಗ. ಸಂಗ್ರಹ ಮಾಡುವವನು ಬೇಕೆಂದರೂ ಅವನ್ನು ಬರಿಸಲಾರ. ಯುಪಿಐನಲ್ಲಿ ಹಣ ಖಾತೆಯಿಂದ ಹೋಗಿದೆ, ಅಂಗಡಿಯವನಿಗೆ ತಲುಪಿಲ್ಲ, ಹಳದಿ ಗುರುತಿನ ಜತೆ ‘ಬಾಕಿ ಇದೆ’ ಎಂದು ತೋರಿಸುವ ಪರದೆ ಅಂಥದ್ದು. ಹಿಂದೆ ಸಾಲು ನಿಂತಿದೆ, ಅಂಗಡಿಯವನು ಸೌಂಡ್‌ಬಾಕ್ಸ್ ಮಾತಾಡಲಿ ಎಂದು ಕಾಯುತ್ತಿದ್ದಾನೆ, ಗಿರಾಕಿಗೆ ಇನ್ನೊಮ್ಮೆ ಕಳುಹಿಸಲೋ ಬೇಡವೋ ಎಂಬ ಗೊಂದಲ.

ಆ ಪರದೆ ಬರೆಯಬೇಕಾದ ಡಿಸೈನರ್ ಮೊದಲು ತೆರೆಯಬೇಕಾದದ್ದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು, ವ್ಯಾಪಾರಿಗೆ ಕೊಟ್ಟದ್ದಾದರೆ ಐದು ದಿನದೊಳಗೆ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ಅದರಲ್ಲಿದೆ. ಹಳದಿ ಗುರುತಿನ ಕೆಳಗೆ ಬರೆಯಬೇಕಾದ ಸಾಲು ಅಲ್ಲಿ ಸಿಗುತ್ತದೆ: ಹಣ ಯಾವ ತಾರೀಕಿನೊಳಗೆ ವಾಪಸ್ ಬರುತ್ತದೆ, ಬರದಿದ್ದರೆ ಯಾರನ್ನು ಕೇಳಬೇಕು. ಗುರುತು ಯಾವ ಹಳದಿ ಇರಬೇಕೆಂಬುದನ್ನು ಆಮೇಲೆ ಹುಡುಕಿಕೊಳ್ಳಬಹುದು.